ಹನ್ನೊಂದನೇ ಪಲಂಗದ ಪಟ್ಟಿ

ರಕ್ತಕ್ಕೆ ತಣ್ಣೀರು.
ಬಿಸಿನೀರು ತಾಕಿದರೆ ಕಲೆ ಕೂತುಬಿಡುತ್ತದೆ,
ಸಾಲ ಕೇಳಲು ಬಂದ ಬೀಗರ ಹಾಗೆ ಏಳುವುದಿಲ್ಲ.
ಅವ್ವ ನನಗೆ ಕಲಿಸಿದ ಮೊದಲ ಮಾತು ಅದು.
ಆಗ ನನಗೆ ಒಂಬತ್ತೋ ಹತ್ತೋ.

ಜನವಾಡದ ಆಚೆ, ಮಾಂಜ್ರಾ ತಿರುಗುವಲ್ಲಿ,
ಜಾಗೀರದಾರರ ಬೇಸಿಗೆಯ ಕೋಠಿ
ಆ ವರ್ಷ ದವಾಖಾನೆಯಾಗಿತ್ತು.
ಝೂಮರಿನ ಕೊಕ್ಕೆಗೆ ಮುರಿದ ಕಾಲು ತೂಗುಹಾಕಿದ್ದರಂತೆ,
ಬೇಗಂ ಸಾಹೇಬರ ನಿಲುಗನ್ನಡಿಗೆ ಚಾದರ ಹೊದಿಸಿದ್ದರಂತೆ.
ಅಂತೆ, ಅಂತೆ. ನಾವು ಒಳಗೆ ಹೋದವರಲ್ಲ.
ಹಿಂದಿನ ಬಾಗಿಲಲ್ಲಿ ಗಂಟು ಕೊಡುತ್ತಿದ್ದರು,
ಹಿಂದಿನ ಬಾಗಿಲಲ್ಲೇ ಎಣಿಸಿ ತಗೊಳ್ಳುತ್ತಿದ್ದರು.

ಮೂವತ್ತು ಪಲಂಗ, ಮೂವತ್ತು ಗುರುತು.
ಅವ್ವ ಕೇರುಬೀಜಕ್ಕೆ ಸೂಜಿ ಚುಚ್ಚಿ
ಪಟ್ಟಿಯ ತುದಿಗೆ ಚುಕ್ಕಿ ಇಡುತ್ತಿದ್ದಳು,
ಕಾರಕೂನ ದಿಗಂಬರರಾವ್ ಓದುವ ಅಂಕಿ ಅಲ್ಲ, ನಮ್ಮ ಅಂಕಿ.
ಐದು: ನವಿಲಹೆಜ್ಜೆ.
ಹನ್ನೊಂದು: ಮೂರು ಚುಕ್ಕಿ, ಕೆಳಗೊಂದು ಅಡ್ಡಗೆರೆ.

ಮುಖ ನೋಡದೆ ಮೂವತ್ತೂ ಜನರನ್ನು ಬಲ್ಲೆವು.
ಐದಕ್ಕೆ ಕೀವು, ವಾಸನೆಯಿಂದಲೇ ಹೇಳಬಹುದು.
ಎಂಟು ರಾತ್ರಿ ಹೊರಳಾಡುತ್ತಾನೆ, ಪಟ್ಟಿ ಹಗ್ಗವಾಗಿ ಬರುತ್ತದೆ.
ಇಪ್ಪತ್ತರ ಪಟ್ಟಿಯ ಜೊತೆ ಒಂದು ದಿನ ಚಾದರವೂ ಬಂತು.
ಅವ್ವ ಅದನ್ನು ಬಂಡೆಗೆ ಬಡಿಯಲಿಲ್ಲ. ನೀರಲ್ಲಿ ಬಿಟ್ಟು
ಸುಮ್ಮನೆ ಕೈಯಾಡಿಸಿದಳು.

ಹನ್ನೊಂದು ವಾಸಿಯಾಗುತ್ತಿದ್ದ.
ಅಂಗೈಯಷ್ಟಿದ್ದ ಕಲೆ ರೂಪಾಯಿಯಷ್ಟಾಯಿತು,
ರೂಪಾಯಿ ಪಾವಲಿಯಾಯಿತು,
ಪಾವಲಿ ಜೋಳದ ಕಾಳಾಯಿತು, ಹಳದಿ, ಒಣಗಿದ ಕಾಳು.
"ಇವ ಹೊಂಟ ನೋಡು," ಅಂದಳು ಅವ್ವ.
ಹೊಂಟ ಅಂದರೆ ಮನೆಗೆ ಅಂದುಕೊಂಡೆ ನಾನು.
ವಾಸಿಯಾದವರ ಲಾರಿ ಬೀದರ್ ಸ್ಟೇಷನ್ನಿಗೆ ಹೋಗುತ್ತದೆ,
ಅಲ್ಲಿಂದ ರೈಲು, ಮತ್ತೆ ಬರ್ಮಾದ ಕಡೆಗೆ.
ಅದು ಆಮೇಲೆ ತಿಳಿಯಿತು.

ಮರುವಾರ ಮೂರು ಚುಕ್ಕಿಯ ಪಟ್ಟಿಯಲ್ಲಿ
ಹೊಸ ರಕ್ತ. ಕೆಂಪಂದರೆ ಕೆಂಪು.
ಹಳೇ ಗಾಯದ ಕಲೆಗೆ ಅಂಚಿರುವುದಿಲ್ಲ, ಹರಡುತ್ತದೆ.
ಇದಕ್ಕೆ ಅಂಚಿತ್ತು. ಸಣ್ಣಗೆ,
ಕ್ಷೌರದ ಪತ್ತಿ ಎಳೆದಷ್ಟು ನೇರ.
ಒಣಗಿತು. ಮತ್ತೆ ಬಂತು.
ಅವ್ವ ಪಟ್ಟಿಯನ್ನು ಬಿಸಿಲಿಗೆ ಹಿಡಿದಳು, ನನ್ನ ಮುಖ ನೋಡಿದಳು,
ಮಡಚಿದಳು.

ದಿಗಂಬರರಾವ್ ಹಳ್ಳದವರೆಗೆ ಬಂದ ದಿನ ನೆನಪಿದೆ,
ಬಗಲಲ್ಲಿ ಬಿಚ್ಚದ ಕೊಡೆ, ಕೈಯಲ್ಲಿ ರಜಿಸ್ಟರು.
"ಮಾಚಮ್ಮ, ಡಾಕ್ಟರ್ ಸಾಬ್ ಕೇಳ್ಯಾರ.
ಹನ್ನೊಂದರ ಪಟ್ಟಿ ಹೆಂಗ ಬರ್ತಾವ? ಹಸಿ ರಕ್ತ ಏನರ ಕಂಡದೇನು?"
ಅವನ ಚಪ್ಪಲಿಯ ಮುಂದೆಯೇ ನೀರು ಕೆಂಪಗೆ ಹರಿಯುತ್ತಿತ್ತು.
ಆದರೆ ನಮ್ಮ ಮಣ್ಣೇ ಕೆಂಪು,
ನಮ್ಮ ಹಳ್ಳದಲ್ಲಿ ಕೆಂಪು ನೀರು ಯಾರಿಗೂ ಸುದ್ದಿಯಲ್ಲ.
"ಹಳೀ ಕಲಿ ಅದ ರೀ," ಅಂದಳು. "ಯಾರೋ ಬಿಸಿನೀರಾಗ ಅದ್ದ್ಯಾರ.
ಹೋಗಂಗಿಲ್ಲ."
ಅವ ಬರೆದುಕೊಂಡ.

ಒಮ್ಮೆ ಮಾತ್ರ ಕಂಡೆ ಅವರನ್ನು, ದೂರದಿಂದ.
ವರಾಂಡದ ಬಿಸಿಲಿಗೆ ಸಾಲಾಗಿ ಕೂತಿದ್ದರು,
ಎಲ್ಲರೂ ಒಂದೇ ನೀಲಿ ಫ್ಲಾನೆಲ್ಲಿನಲ್ಲಿ,
ಯಾರೋ ಇಸ್ಪೀಟು ಹಂಚುತ್ತಿದ್ದ.
ಹನ್ನೊಂದು ಯಾವನು? ಹುಡುಕಿದೆ.
ಮುಖ ಓದುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಲಡಾಯಿ ಮುಗಿಯಿತೆಂದು ಕೋಠಿಯವರು ಬೆಲ್ಲ ಹಂಚಿದರು.
ಕಡೆಯ ಗಂಟಿನಲ್ಲಿ ಹನ್ನೊಂದರ ಪಟ್ಟಿ
ಒಗೆದೇ ಬಂದಿತ್ತು.
ಒಂದೇ ಕೈಯ ಹಿಂಡಿಕೆ, ಅರ್ಧ ನೀರು ಅದರಲ್ಲೇ ಇತ್ತು.
ಅವ್ವ ಏನೂ ಅನ್ನಲಿಲ್ಲ. ಇನ್ನೊಮ್ಮೆ ಒಗೆದಳು.
ಸಂಜೆ ಎಣಿಕೆಯಲ್ಲಿ ಒಂದು ಕಡಿಮೆ ಬಿತ್ತು.
ದಿಗಂಬರರಾವ್ ಎರಡಾಣೆ ಹಿಡಿದುಕೊಂಡ.