ಮೇಸ್ತ್ರಿಯ ಮೂಗು

ಎಲ್ ಆಲ್ತೊದಲ್ಲಿ ನೀರು ಬೇಗ ಕುದಿಯುತ್ತದೆ,
ಆಲೂಗಡ್ಡೆ ಮಾತ್ರ ಬೇಯುವುದೇ ಇಲ್ಲ.
ನಾಲ್ಕು ಸಾವಿರ ಮೀಟರು ಎತ್ತರದ ಗಾಳಿ
ಮೂರನೇ ಸಲ ನೀರು ಬೆರೆಸಿದ ಸಾರಿನಷ್ಟು ತೆಳು.
ಉರಿಗೂ ಇಲ್ಲಿ ಏದುಸಿರು.
ಅದಕ್ಕೇ ಎವಾರಿಸ್ತೊ ಮೇಸ್ತ್ರಿ
ಯಾವ ಮನೆಗೆ ಹೋದರೂ ಪೈಪಿಗಿಂತ ಮೊದಲು
ಗೋಡೆಗೆ ಎರಡು ಕಂಡಿ ಕೊರೆಯುತ್ತಾನೆ,
ಕೆಳಗೊಂದು, ಮೇಲೊಂದು.
"ಚಳಿ ಬರುತ್ತಲ್ಲಾ" ಎಂದು ಮನೆಯವರು ಗೊಣಗಿದರೆ
"ಬರಲಿ, ಚಳಿಗೆ ಕಂಬಳಿ ಇದೆ" ಎನ್ನುತ್ತಾನೆ.
ಯಾವುದಕ್ಕೆ ಇಲ್ಲವೋ ಅದರ ಹೆಸರೆತ್ತುವುದಿಲ್ಲ.

ಎಂಟು ತಿಂಗಳಿಂದ ನಾನು ಅವನ ಕೈಕೆಳಗೆ.
ಪೈಪು ಹಿಡಿಯುವುದು, ತಿರುಪು ಕೊಯ್ಯುವಾಗ ಎಣ್ಣೆ ಬಿಡುವುದು,
ಬಿಳಿ ಟೇಪು ಸುತ್ತುವುದು, ಗಡಿಯಾರ ತಿರುಗುವ ಕಡೆಗೇ;
ಉಲ್ಟಾ ಸುತ್ತಿದರೆ ಬಿಗಿದಷ್ಟೂ ಬಿಚ್ಚಿಕೊಳ್ಳುತ್ತದೆ.
ಇಷ್ಟೆಲ್ಲ ಕಲಿತವಳಿಗೆ
ಅವನ ಮೂಗಿನ ವಿಷಯ ಗೊತ್ತಾದದ್ದು ಮೊನ್ನೆ,
ದೊನ್ಯಾ ಕಾಸಿಮಿರಾಳ ಬೇಕರಿಯಲ್ಲಿ.

ಒಂದು ತಟ್ಟೆ ಬ್ರೆಡ್ಡು ಸೀದು ಕರಕಲಾಗುತ್ತಿತ್ತು,
ಅಂಗಳದ ನಾಯಿಯೂ ಎದ್ದು ನಿಂತಿತ್ತು.
ಒಲೆಯ ಪಕ್ಕದಲ್ಲೇ ಇವನು, ಕಿವಿಯಲ್ಲಿ ಪೆನ್ಸಿಲು,
ಗೋಡೆ ಅಳೆಯುತ್ತಿದ್ದ.
ನಾನು ನೋಡಿದೆ. ನಾನು ನೋಡಿದ್ದನ್ನು ಅವನು ನೋಡಿದ.
"ಮೂರು ವರ್ಷವಾಯ್ತು. ಜ್ವರ ಬಂತು,
ಹೋಗುವಾಗ ಇದನ್ನೂ ಕರಕೊಂಡು ಹೋಯ್ತು."

ಅನಿಲಕ್ಕೆ ಅದರದ್ದೇ ಅಂತ ವಾಸನೆಯಿಲ್ಲ.
ಕೊಳೆತ ಮೊಟ್ಟೆಯ ನಾತ ಮನುಷ್ಯರು ಬೆರೆಸಿದ್ದು,
ಕಳ್ಳ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಿದ ಹಾಗೆ.
ಗಂಟೆ ಕೇಳಿಸದವನು ಬೆಕ್ಕು ಕಾಯುವುದು ಹೇಗೆ?
ನಾನು ಬಾಯಿಬಿಟ್ಟು ಕೇಳಲಿಲ್ಲ, ಅವನೇ ಹೇಳಿದ:
"ಮೂಗಿದ್ದವನು ಮೂಗನ್ನು ನಂಬುತ್ತಾನೆ.
ನನಗೆ ಆ ಸೋಮಾರಿತನ ಇಲ್ಲ."
ಪಾನಾ ನನ್ನ ಕೈಗಿತ್ತ.

ಹನ್ನೊಂದು ಜೋಡಣೆ, ಬೀದಿಯ ಮೀಟರಿನಿಂದ ಒಲೆಯವರೆಗೆ.
ಕೊಳವೆಗೆ ಬರಿ ಗಾಳಿ ತುಂಬಿ, ಎರಡೂ ತುದಿ ಮುಚ್ಚಿ,
ಮಾನೊಮೀಟರಿನ ಮುಂದೆ ಕೂತೆವು.
ಮುಳ್ಳು ಅಲ್ಲಾಡಬಾರದು. ಅಷ್ಟೇ ಕೆಲಸ:
ಏನೂ ಆಗದಿರುವುದನ್ನು ಅರ್ಧ ಗಂಟೆ ನೋಡುವುದು.
ಕಾಸಿಮಿರಾ ಎರಡು ಸಲ ಬಂದು ಹೋದಳು,
"ಏನಾಯ್ತು?" "ಏನೂ ಇಲ್ಲ." "ಒಳ್ಳೇದೋ ಕೆಟ್ಟದ್ದೋ?"

ಇಪ್ಪತ್ತನೆಯ ನಿಮಿಷಕ್ಕೆ ಮುಳ್ಳು
ಕೂದಲೆಳೆಯಷ್ಟು ಇಳಿಯಿತು.
ಗಡ್ಡ ಬೋಳಿಸುವ ಬ್ರಷ್ಷು, ಬಟ್ಟಲಲ್ಲಿ ಸಾಬೂನು ನೀರು.
ಒಂದೊಂದು ಜೋಡಣೆಗೂ ಮಗುವಿನ ಗಲ್ಲಕ್ಕೆ ಹಚ್ಚಿದಂತೆ ಹಚ್ಚಿದ.
ಮೆಟ್ಟಿಲ ಕೆಳಗೆ ಒಂಬತ್ತನೆಯದು
ಒಂದು ಗುಳ್ಳೆ ಬಿಟ್ಟಿತು,
ಸಾಸಿವೆಯಷ್ಟು, ಕಡಲೆಯಷ್ಟು, ಒಡೆದು ಮತ್ತೆ ಸಾಸಿವೆಯಷ್ಟು.
ನಾನು ಬಿಗಿದದ್ದು ಅದು.
ಬಯ್ಯಲಿಲ್ಲ. "ಬಿಚ್ಚು" ಅಂದ.
ತುದಿಯಿಂದ ಅಲ್ಲಿಯವರೆಗೂ ಬಿಚ್ಚಿದೆ.

ಎಲ್ಲ ಮತ್ತೆ ಕೂಡುವ ಹೊತ್ತಿಗೆ ಸಂಜೆ.
ಬೀದಿಯಲ್ಲಿ ಸಿಲಿಂಡರು ಲಾರಿಯ ಠಣ್ ಠಣ್,
ಕಾಸಿಮಿರಾ ಅಭ್ಯಾಸಬಲದಿಂದ
ಖಾಲಿ ಸಿಲಿಂಡರು ಉರುಳಿಸಿಕೊಂಡು ಬಾಗಿಲಿಗೆ ಓಡಿ,
ಅಲ್ಲೇ ನಿಂತು, ಅದರ ಮೇಲೇ ಕೂತು ನಕ್ಕಳು.

ಮುಳ್ಳು ಈ ಸಲ ಕಲ್ಲು.
ಅನಿಲ ಬಿಟ್ಟಮೇಲೆ ಹನ್ನೊಂದು ಕಡೆಯೂ
ಮತ್ತೆ ನೊರೆ ಹಚ್ಚಿ ನೋಡಿ,
"ನೀನೂ ಒಂದ್ಸಲ ಮೂಸು" ಅಂದ, ಬೇರೆಲ್ಲೋ ನೋಡುತ್ತ.
ಮೂಸಿದೆ. ಹನ್ನೊಂದು ಸಲ "ಇಲ್ಲ" ಅಂದೆ.
ಕಾಗದಕ್ಕೆ ಅವನು ರುಜು ಹಾಕಿದ.
ನಾನು ಯಾರಿಗೂ ಹೇಳಿಲ್ಲ.
ಹೇಳಬೇಕಿತ್ತೋ ಏನೋ.

ನೀಲಿ ಉರಿ ಸಾಲಾಗಿ ಎದ್ದಿತು, ಸದ್ದಿಲ್ಲದೆ.
ಮೊದಲ ತಟ್ಟೆಯಿಂದ ಎರಡು ಬ್ರೆಡ್ಡು
ನಮ್ಮಿಬ್ಬರ ಕೈಗೆ. ಬಿಸಿಗೆ ಅದನ್ನು
ಆ ಕೈಯಿಂದ ಈ ಕೈಗೆ ಹಾರಿಸುತ್ತ ಮಿನಿಬಸ್ಸಿಗೆ ಕಾದೆವು.
"ಹೇಗಿದೆ ವಾಸನೆ?" ಅಂದ.
ಹುಡುಕಿ ಹುಡುಕಿ ಹೇಳಿದೆ: ಹುರಿದ ಹಿಟ್ಟು,
ಸ್ವಲ್ಪ ಉಪ್ಪು ಬೆಣ್ಣೆ, ಹೊಸ ಕಬ್ಬಿಣದ್ದೂ ಒಂಚೂರು.
ಬಾಯಿ ಆಡಿಸುತ್ತ ಕೇಳಿಸಿಕೊಂಡ.
"ಸೋಂಪು ಬಿಟ್ಟೆ" ಅಂದ.

ಮತ್ತೆ ಮೂಸಿದೆ.
ಇತ್ತು.