ಯಾರೂ ಒಯ್ಯದ್ದು

ಆಯ್ತವಾರ ಪ್ಯಾಟಿಗೆ ಹೋಗಿ ನೂರಾ ಹತ್ತು ರೂಪಾಯಿ ಕೊಟ್ಟು
ಹೊಸ ಥರ್ಮಾಕೋಲ್ ತಂದೆ, ಮಿಂಚಿನ ಹಾಳೆ ತಂದೆ,
ರಾತ್ರಿ ಹನ್ನೊಂದರ ತನಕ ಕೂತು ಕತ್ತರಿಸಿ ಹಚ್ಚಿದೆ
ಹಸಿರು ಬುಟ್ಟಿ, ನೀಲಿ ಬುಟ್ಟಿ, ಕೆಂಪು ಬುಟ್ಟಿ,
ನಡುವೆ ಒಂದರ ಬಾಲ ಒಂದು ಕಚ್ಚಿದ ಮೂರು ಬಾಣ.
ಮನೆಯವರು ಅಂದರು, ಮದುವಿ ಹಂದರ ಆದಂಗಾತು.

ಸೋಮವಾರ ಮೂರನೇ ತಾಸು. ತಾಳಿಕೋಟಿಯ ಪರಸಿ ನೆಲ
ಕೂತವರ ತೊಡೆಗೆ ಇನ್ನೂ ತಂಪು ಹತ್ತುವ ಹೊತ್ತು.
ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದೆ: ಮರುಬಳಕೆ.
ಓದ್ರಿ ಅಂದೆ. ಓದಿದರು, ಮಗ್ಗಿ ಹೇಳುವ ದನಿಯಲ್ಲಿ.
ಹಂಗಂದ್ರೇನು?
ಗೊಲ್ಲಾಳ ಕಿಡಕಿ ನೋಡಿದ, ನೀಲವ್ವ ಜಡೆಯ ತುದಿ ಕಚ್ಚಿದಳು.
ಹಿಂದಿನ ಸಾಲಿನಿಂದ ದಾವಲಬಿ, ಎದ್ದೂ ಏಳದೆ:
"ಮೋಡ್ಕಾರೀ."

ಇಡೀ ವರ್ಗ ನಕ್ಕಿತು.
ಅವಳಪ್ಪ ರಾಜೇಸಾಬನ ನಾಕುಗಾಲಿ ಬಂಡಿ ಎಲ್ಲರಿಗೂ ಗೊತ್ತು,
ಹಳೇ ಕಬ್ಬಣಾ, ಒಡದ ಕೊಡಾ, ತಲಿಗೂದಲಾ ಎಂದು
ಓಣಿ ಓಣಿ ತಿರುಗುವ ಆ ರಾಗವೂ ಗೊತ್ತು.
ನಕ್ಕವರಲ್ಲಿ ಅರ್ಧ ಮಂದಿ ಅವ್ವನ ಬಾಚಣಿಕೆಯ ಕೂದಲು ಗಂಟು ಕಟ್ಟಿ
ಅವನ ಬಳಿ ಬೊಂಬಾಯಿ ಮಿಠಾಯಿ ತಿಂದವರೇ.
ನಾನೂ ತಿಂದಾಕೀನ; ಆಗ ಬಂಡಿ ಅವನಪ್ಪನದು.

ಮರುದಿನ ಮನೆಯ ಒಣಕಸ ತರಲು ಹೇಳಿದ್ದೆ.
ತಂದರು. ಪರಸಿಯ ಮೇಲೆ ಗುಡ್ಡೆ ಬಿತ್ತು:
ಎಣ್ಣೆ ಡಬ್ಬಿ, ಹರಿದ ಕೆರ, ಮೋಟಾರಿನ ಸುಟ್ಟ ತಂತಿ,
ಬಕೀಟಿನ ಹಿಡಿಕೆ, ಹೋದ ವರ್ಷದ ಲಗ್ನಪತ್ರಿಕೆ,
ಯಾರದೋ ಅಜ್ಜನ ಹಲ್ಲಿನ ಸೆಟ್ಟು. ಅದನ್ನು ತೊಳೆದು ತಿರುಗಿ ಕಳಿಸಿದೆ.
ಹಸಿರೋ ನೀಲಿಯೋ ಕೆಂಪೋ ಎಂದು ನಾನು ಚಾರ್ಟು ನೋಡುವುದರೊಳಗೆ
ದಾವಲಬಿ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದಳು.

ಪ್ಲಾಸ್ಟಿಕ್ಕನ್ನು ಕಿವಿಯ ಹತ್ತಿರ ಒಯ್ದು ಉಗುರಿನಿಂದ ಬಾರಿಸಿದಳು,
ಬಾಗಿಲು ಬಡಿದು ಒಳಗ ಯಾರದೀರಿ ಎಂದು ಕೇಳಿದಂತೆ.
"ಇದು ಮೆತ್ತಂದ್ರೀ, ಇದು ಕಡಕ್. ಎರಡೂ ಕೂಡಿಸಿದ್ರ ಶೇಟ್ ಬೈತಾನ."
ಬ್ಯಾಡವಾ ಅನ್ನುವಷ್ಟರಲ್ಲಿ ತಂತಿಯ ಸಿಪ್ಪೆ ಹಲ್ಲಲ್ಲಿ ಸುಲಿದು ಕೆಂಪು ತೋರಿಸಿದಳು.
ಬಕ್ಕಣದಿಂದ ದಾರ ಕಟ್ಟಿದ ಲೋಹಚುಂಬಕ,
ಯಾವುದೋ ಒಡೆದ ಸ್ಪೀಕರಿನದು, ಇಳಿಬಿಟ್ಟಳು:
"ಹತ್ತಿದ್ರ ಕಬ್ಬಣ. ಹತ್ತಲಿಲ್ಲಂದ್ರ ರೊಕ್ಕ."
ಗೊಲ್ಲಾಳ ಅದನ್ನೇ ವಹಿಯಲ್ಲಿ ಬರಕೊಂಡ. ನಾನು ತಿದ್ದಲಿಲ್ಲ.

ಕಡೆಗೆ ಒಂದು ಸಣ್ಣ ಗುಡ್ಡೆ ಉಳಿಯಿತು.
ಶಾಂಪೂ ಚೀಟು, ಗುಟಕಾ ಚೀಟು, ಒಳಗೆ ಬೆಳ್ಳಿ ಬಳಿದ ಚಿಪ್ಸಿನ ಪಾಕೀಟು,
ಡೋಣಿ ಹೊಳೆ ಬಂದಾಗ ಸೇತುವೆಯ ಕಾಲಿಗೆ ಸುತ್ತಿಕೊಳ್ಳುತ್ತಾವಲ್ಲ, ಅವೇ.
"ಇವು ಯಾವ ಬುಟ್ಟಿಗೆ?"
"ಇವನ್ನ ಯಾರೂ ಒಯ್ಯಂಗಿಲ್ರೀ."
ತಲೆ ಎತ್ತಿ ಗೋಡೆ ನೋಡಿದಳು, ನನ್ನ ನೋಡಿದಳು,
ಹೇಳಲೋ ಬೇಡವೋ ಎಂದು ಒಂದು ಗಳಿಗೆ ಚುಂಬಕ ತಿರುವಿದಳು.
"ಅದನ್ನೂ ಒಯ್ಯಂಗಿಲ್ರೀ ಟೀಚರ್. ಥರ್ಮಾಕೋಲ್.
ತೂಕಾನ ಬರಂಗಿಲ್ಲದು."

ನೂರಾ ಹತ್ತು ರೂಪಾಯಿ ಗೋಡೆಯ ಮೇಲೆ ಮಿಂಚುತ್ತಿತ್ತು.
ಫ್ಯಾನಿನ ಗಾಳಿಗೆ ಒಂದು ಬಾಣದ ಬಾಲ ಬಿಚ್ಚಿ ಪಟಪಟ ಬಡಿಯಿತು.

ಬೇಸ್ತವಾರ ಸಾಹೇಬರು ಬಂದರು, ಚಾರ್ಟಿನ ಫೋಟೋ ತೆಗೆದರು,
ಛಲೋ ಮಾಡೀರಿ ಅಂದರು. ಅದರ ಪಕ್ಕ ನಿಂತು ನಾನೂ ನಕ್ಕೆ.
ಗುಡ್ಡೆ ಮಾರಿ ಬಂದ ಎಂಬತ್ತಾರು ರೂಪಾಯಿಯ ಸುದ್ದಿ ಎತ್ತಲಿಲ್ಲ,
ಮಕ್ಕಳು ಅದರಲ್ಲಿ ಪೇರಲ ಹಣ್ಣು ತಿಂದು ಮುಗಿಸಿದ್ದರು.

ರಾಜೇಸಾಬ ಈಗಲೂ ಸಿಗುತ್ತಾನೆ, ಬಸ್ ಸ್ಟ್ಯಾಂಡಿನ ಹತ್ತಿರ,
ಏನರ ಐತೇನ್ರಿ ಅಕ್ಕೋರ ಎನ್ನುತ್ತಾನೆ.
ಇಲ್ಲ ಅನ್ನುತ್ತೇನೆ.
ಇರುವುದು ಅವನಿಗೆ ಬೇಡದ್ದು.

ದಾವಲಬಿ ಹೈಸ್ಕೂಲಿಗೆ ಹೋದಳು. ಚಾರ್ಟು ಹೋಗಿಲ್ಲ.
ವರ್ಷಕ್ಕೊಮ್ಮೆ ಕಪಾಟಿನ ಹಿಂದಿನಿಂದ ಎಳೆದು ಧೂಳು ಕೊಡವುತ್ತೇನೆ,
ಇಲಿ ಕಡಿದು ಕೆಂಪು ಬುಟ್ಟಿಗೆ ತಳವಿಲ್ಲ,
ಬೆಳ್ಳನೆ ಕಾಳು ಉದುರಿ ಪರಸಿಯ ಸಂದಿಗೆ ಸೇರುತ್ತವೆ,
ಹೊಸ ಮಕ್ಕಳು ಜ್ವಾಳದ ಅಳ್ಳು ಅಂತ ಹೆಕ್ಕುತ್ತಾರೆ.
ಇದನ್ನೂ ಬಂಡ್ಯಾಂವ ಒಯ್ತಾನೇನ್ರೀ?
ಒಯ್ಯಂಗಿಲ್ಲ.
ಮತ್ತ ಯಾರು ಒಯ್ತಾರ್ರೀ ಟೀಚರ್?

ನಾನು, ಅನ್ನುತ್ತೇನೆ.
ಒಯ್ದು ಕಪಾಟಿನ ಹಿಂದೆ ಇಡುತ್ತೇನೆ.