ನಾಲ್ಕು ಗಳದ ಮನೆ

ಮನೆ ಕಟ್ಟಿ ನೋಡು ಎನ್ನುತ್ತಾರೆ ಎಲ್ಲ ಕಡೆ;
ಈ ಕಣಿವೆಯ ಕಾಯಿದೆ ತಿರುಗಾಮುರುಗಾ:
ಮೊದಲು ನೋಡು, ಆಮೇಲೆ ಕಟ್ಟು.
ಹಾಗಾಗಿ ನನಗೊಂದು ಕೆಲಸ.
ಅರ್ಜಿ ಬಿದ್ದ ವಾರವೇ ವ್ಯಾನಿನ ನೆತ್ತಿಗೆ ಗಳ ಹೇರಿಕೊಂಡು ಹೋಗಿ
ಬರಲಿರುವ ಮನೆಯ ಮೂಲೆಗೊಂದು ನೆಡುತ್ತೇನೆ,
ತುದಿಯಲ್ಲಿ ಸೂರಿನ ಇಳಿಜಾರಿಗೆ ತಕ್ಕಂತೆ
ಮೊಳದುದ್ದ ತಗಡು ಬಗ್ಗಿಸಿ.
ಇಷ್ಟೇ. ಗೋಡೆಯಿಲ್ಲ, ಬಾಗಿಲಿಲ್ಲ.
ಬಾಡಿಗೆ ಕೊಡದ ಗಾಳಿ ಒಕ್ಕಲಿರುತ್ತದೆ ಮೂವತ್ತು ದಿನ.
ತಕರಾರಿದ್ದವರು ಅಷ್ಟರೊಳಗೆ ಬರೆದು ಕೊಡಬೇಕು.

ಫ್ರಿಡೊಲಿನ್ ಲುಖ್‌ಸಿಂಗರನ ಹುಲ್ಲುಗಾವಲು.
ಮಾರ್ಚ್ ತಿಂಗಳು, ನೆಲ ಇನ್ನೂ ಹಿಮ ಕುಡಿದು ಮೆತ್ತಗೆ.
ನಕ್ಷೆಯಲ್ಲಿ ಹಸಿರು ಅಳಿಸಿ ಹಳದಿ ಬಳಿಯಲು,
ಅಂದರೆ ಕೃಷಿಯಿಂದ ವಸತಿಗೆ ದಾಟಲು,
ಹನ್ನೊಂದು ವರ್ಷ ಹಿಡಿಯಿತಂತೆ.
ಹಸುಗಳಿಗೆ ಯಾರೂ ತಿಳಿಸಿರಲಿಲ್ಲ.
ನಾನು ನೆಟ್ಟು ಮುಗಿಸುವಷ್ಟರಲ್ಲಿ ಕಂದು ಹಸುವೊಂದು
ಅಡುಗೆಮನೆ ಆಗಬೇಕಾದಲ್ಲಿ ಮಲಗಿ
ಮೆಲುಕು ಹಾಕುತ್ತಿತ್ತು.

ಹಿಂದಿನ ಮನೆಯ ರೋಸ್ಮರಿ ಷ್ಟ್ಯೂಸಿ
ಕಿಟಕಿ ತೆರೆದು ಕೇಳಿದಳು: ಇಷ್ಟೆತ್ತರವೇ?
ಒಳಗೆ ಕರೆದು ಕಾಫಿ ಕೊಟ್ಟಳು.
ಗಾಜಿನ ಮೇಲೆ ಸೋಪಿನ ತುಂಡಿನಿಂದ ಎಳೆದ ಎರಡು ಗೆರೆ:
ನವೆಂಬರಿನಲ್ಲಿ ಸೂರ್ಯ ಬೆಟ್ಟದ ಹಿಂದೆ ಇಳಿದುಹೋಗುವ ಜಾಗ,
ಜನವರಿ ಕೊನೆಗೆ ಮತ್ತೆ ಇಣುಕುವ ಜಾಗ.
ನಡುವಣ ಒಂಬತ್ತು ವಾರ ಊರಿಗೆಲ್ಲ ನೆರಳೇ ಕಂಬಳಿ.
'ಬೆಟ್ಟ ನನಗಿಂತ ಮೊದಲು ಬಂದದ್ದು,
ಅದರ ಮೇಲೆ ತಕರಾರಿಲ್ಲ,' ಅಂದಳು,
'ಈ ಸೂರು ಇನ್ನೂ ಮೂರು ವಾರ ತಿನ್ನುತ್ತದೆ.'
ನನ್ನ ಗಳದ ತಗಡು
ಅವಳ ಗೆರೆಗಿಂತ ನಾಲ್ಕು ಬೆರಳು ಮೇಲೆ ಹೊಳೆಯುತ್ತಿತ್ತು.
ಸಕ್ಕರೆ ಹಾಕಿಕೊಳ್ಳುವುದು ಮರೆತೆ.

ತಕರಾರು ಕೊಟ್ಟಳು, ಎರಡೂವರೆ ಪುಟ, ಕೈಬರಹ.
ಐವರ ಸಮಿತಿ ಬೂಟು ಕೆಸರು ಮಾಡಿಕೊಂಡು ಬಂತು.
ಗಡಿಯಿಂದ ನಾಲ್ಕು ಮೀಟರ್? ಇದೆ.
ಎತ್ತರ ಏಳೂವರೆ? ಮೀರಿಲ್ಲ.
ಹೆಂಚಿನ ಬಣ್ಣ? ಕಂದು, ಆಗಬಹುದು.
ಬಿಸಿಲು?
ಗರಗಸದ ಮಿಲ್ಲಿನವನು ಪುಟ ತಿರುವಿದ, ತಿರುವಿದ.
ಬಿಸಿಲಿಗೆ ಕಲಂ ಇರಲಿಲ್ಲ.

ಅವಳು ಮೇಲಿನ ಕಚೇರಿಗೆ ಹೋದಳು.
ತೀರ್ಪು ಬರುವ ತನಕ ಗಳ ಅಲುಗಬಾರದು.
ಮೊದಲ ಬೇಸಿಗೆಯಲ್ಲೇ ಕಾಡುಬಳ್ಳಿಯೊಂದು
ಈಶಾನ್ಯದ ಮೂಲೆ ಹತ್ತಿ ಹೂ ಬಿಟ್ಟಿತು.
ಒಂದು ಭಾನುವಾರ, ತಗಡು ಬಿಗಿ ಮಾಡಲು ಹೋದಾಗ,
ತೆಯುತಾ ಹೊಜಾಯ್ ನಿಂತಿದ್ದಳು ಹುಲ್ಲಿನಲ್ಲಿ,
ಊರಿನ ವೃದ್ಧಾಶ್ರಮದ ನರ್ಸು,
ದಿನಾ ಬೆಳಗಿನ ಜಾವದ ರೈಲು ಹಿಡಿದು ಬರುವವಳು.
ಮಹಡಿಯ ಮೂರು ಕೋಣೆ ಬಾಡಿಗೆಗೆ ಸಿಗುವ ಮಾತಾಗಿದೆಯಂತೆ.
ಅವಳ ಮಗ ಕೇಳಿದ: ನನ್ನ ಕಿಟಕಿ ಯಾವುದು?
ನಾನು ಆಕಾಶದಲ್ಲಿ ಒಂದು ಕಡೆ ಬೆರಳು ತೋರಿದೆ.
ಸುಮ್ಮನೆ ತೋರಿದ್ದಲ್ಲ, ನಕ್ಷೆ ನನಗೆ ಬಾಯಿಪಾಠ.
ಅವನು ಕೈ ಬೀಸಿದ, ಅಲ್ಲಿ ಆಗಲೇ ನಿಂತಿದ್ದವನಿಗೆ.

ಆ ಜನವರಿಯಲ್ಲಿ ಸೂರ್ಯ ಬಂದ ಬೆಳಗ್ಗೆ
ಗಳದ ನೆರಳು, ಬೆರಳಿನಷ್ಟು ಸಣ್ಣದು,
ರೋಸ್ಮರಿಯ ಮೇಜಿನ ಮೇಲೆ ಒಂದು ಗಂಟೆ ನಡೆಯಿತಂತೆ
ಬ್ರೆಡ್ಡಿನಿಂದ ಕನ್ನಡಕದ ತನಕ.
ಅವಳೇ ಹೇಳಿದ್ದು. ದೂರಿನಂತೆ ಕೇಳಲಿಲ್ಲ.

ತೀರ್ಪನ್ನು ನನಗೆ ಯಾರೂ ಕಳಿಸುವುದಿಲ್ಲ.
ಬರುವುದು ಒಂದು ಫೋನು: ಗಳ ಕಿತ್ತುಕೊಂಡು ಹೋಗು.
ಕಟ್ಟುವುದಕ್ಕೂ ಕೀಳಬೇಕು,
ಕಟ್ಟದಿರುವುದಕ್ಕೂ ಕೀಳಬೇಕು,
ಎರಡಕ್ಕೂ ಕೂಲಿ ಒಂದೇ.
ಬಳ್ಳಿ ಬಿಡಿಸಲು ತಡವಾಯಿತು.
ಮೂರು ಗುಂಡಿ ಹಿಮ್ಮಡಿಯಿಂದ ತುಳಿದು ಮುಚ್ಚಿದೆ,
ನಾಲ್ಕನೆಯದರಲ್ಲಿ ಆಗಲೇ ನೀರು ನಿಂತಿತ್ತು.
ಹಿಂದಿನ ಮನೆಯ ಪರದೆ ಸರಿದಿತ್ತು, ಒಳಗೆ ಕತ್ತಲೆ;
ಕೇಳಬಹುದಿತ್ತು, ಕೇಳಲಿಲ್ಲ.
ಬಿಲ್ಲು ಬರೆದೆ ಲುಖ್‌ಸಿಂಗರನ ಹೆಸರಿಗೆ:
ಗಳ ನಾಲ್ಕು. ಇಪ್ಪತ್ತಾರು ತಿಂಗಳು.
ಬಳ್ಳಿಯ ಲೆಕ್ಕ ಹಿಡಿದಿಲ್ಲ.